ಬಲ ಇದ್ದರೆ ಸಾಲದು, ತಾಳವೂ ಕೂಡಬೇಕು

ತೋಟದ ಪಂಪು ಸರಿಯಾಗಿ ನೀರು ಎತ್ತುತ್ತಿಲ್ಲ ಅಂದ್ರೆ ನಾವು ಮೊದಲು ಕೇಳೋ ಪ್ರಶ್ನೆ "ಮೋಟಾರು ಎಷ್ಟು ಎಚ್‌ಪಿ?" ಅಂತ. ಕಡಿಮೆ ಇದ್ರೆ ಜಾಸ್ತಿದು ಹಾಕಿಸೋಣ ಅನ್ನೋದು ಮುಂದಿನ ಮಾತು. ಎಂಜಿನಿಯರಿಂಗ್ ಸೇರಿ ಎರಡನೇ ವರ್ಷಕ್ಕೆ ಬಂದರೂ ನಮ್ಮ ತಲೆ ಓಡೋದು ಹೀಗೇ. ಕೆಲಸ ಆಗ್ತಿಲ್ಲ ಅಂದ್ರೆ ಶಕ್ತಿ ಸಾಲ್ತಿಲ್ಲ. ಹೃದಯದ ವಿಷಯದಲ್ಲೂ ಅಷ್ಟೇ. 'ಹಾರ್ಟ್ ಫೇಲ್ಯೂರ್' ಅಂತ ಡಾಕ್ಟರು ಹೇಳಿದ ಕೂಡಲೇ ಮನೆಯಲ್ಲಿ ಎಲ್ಲರ ಬಾಯಲ್ಲೂ ಬರೋದು "ಹಾರ್ಟ್ ವೀಕ್ ಆಗಿದೆಯಂತೆ" ಅನ್ನೋ ಮಾತು. ವೀಕ್ ಆಗಿದ್ರೆ ಬಲ ಕೊಡಬೇಕು, ಅಲ್ವಾ?

ಈ ಲೇಖನದಲ್ಲಿ ನಾವು ಹೇಳಬೇಕು ಅಂದುಕೊಂಡಿರೋದು ಸ್ವಲ್ಪ ಬೇರೆ ಮಾತು. ಹೃದಯ ವೈಫಲ್ಯ ಇರುವ ಎಷ್ಟೋ ಜನರಲ್ಲಿ ಬಲ ಕಡಿಮೆ ಆಗಿರೋದರ ಜೊತೆಗೆ ಇನ್ನೊಂದು ತೊಂದರೆಯೂ ಇರುತ್ತೆ. ಅವರ ಹೃದಯದ ಗೋಡೆಗಳು ಒಂದೇ ಹೊತ್ತಿಗೆ ಹಿಂಡುವುದಿಲ್ಲ. ಒಂದು ಕಡೆ ಮುಗಿಸುವ ಹೊತ್ತಿಗೆ ಇನ್ನೊಂದು ಕಡೆ ಶುರು ಮಾಡುತ್ತೆ. ಪೇಸ್‌ಮೇಕರ್‌ನಿಂದ ಇದನ್ನು ಸರಿಪಡಿಸಬಹುದು. ಆದರೆ ಅದೇ ಪೇಸ್‌ಮೇಕರ್ ತಪ್ಪು ಜಾಗದಲ್ಲಿ ಹೊಡೆದರೆ ಇದೇ ತೊಂದರೆಯನ್ನು ಹೊಸದಾಗಿ ಹುಟ್ಟಿಸಲೂಬಹುದು. ಹಾಗಾಗಿ "ಮೆಷಿನ್ ಹಾಕಿಸಿದ್ರಾ?" ಅಂತ ಕೇಳಿ ಸುಮ್ಮನಾಗೋದು ಸಾಕಾಗಲ್ಲ. "ವೈರ್ ಎಲ್ಲಿ ಮುಟ್ಟುತ್ತಿದೆ? ಯಾವಾಗ ಹೊಡೆಯುತ್ತಿದೆ?" ಅನ್ನೋದೇ ಕೇಳಬೇಕಾದ ಪ್ರಶ್ನೆ. ಮತ್ತು ಈ ಪ್ರಶ್ನೆ ಡಾಕ್ಟರುಗಳದ್ದು ಎಷ್ಟೋ, ಎಂಜಿನಿಯರುಗಳದ್ದೂ ಅಷ್ಟೇ ಅನ್ನೋದು ನಮ್ಮ ಅಭಿಪ್ರಾಯ.

ಮೊದಲು ಆರೋಗ್ಯವಂತ ಹೃದಯ ಹೇಗೆ ಕೆಲಸ ಮಾಡುತ್ತೆ ನೋಡೋಣ. ಮೇಲೆ ಎರಡು ಕೋಣೆಗಳು, ಅವು ಹೃತ್ಕರ್ಣಗಳು. ಕೆಳಗೆ ಎರಡು ಕೋಣೆಗಳು, ಅವು ಹೃತ್ಕುಕ್ಷಿಗಳು. ನಮ್ಮಂಥ ಇಂಗ್ಲಿಷ್ ಮೀಡಿಯಂನವರಿಗೆ ಈ ಪದಗಳು ಹೊಸವು, ಆದರೆ ಕುಕ್ಷಿ ಅಂದ್ರೆ ಹೊಟ್ಟೆ ಅಂತ ಗೊತ್ತಾದ ಮೇಲೆ ಮರೆಯೋದೇ ಇಲ್ಲ. ಮೈಗೆಲ್ಲ ರಕ್ತ ತಳ್ಳುವ ದೊಡ್ಡ ಕೆಲಸ ಎಡ ಹೃತ್ಕುಕ್ಷಿಯದು. ಪ್ರತಿ ಬಡಿತದ ಸಿಗ್ನಲ್ ಹುಟ್ಟೋದು ಬಲ ಹೃತ್ಕರ್ಣದ ಮೇಲ್ಭಾಗದಲ್ಲಿ. ಅದು ಕೆಳಗೆ ಇಳಿಯುವ ದಾರಿಯಲ್ಲಿ ಒಂದು ಗೇಟಿನಲ್ಲಿ ಸ್ವಲ್ಪ ತಡೆದು ನಿಲ್ಲುತ್ತೆ. ಅಷ್ಟರಲ್ಲಿ ಮೇಲಿನ ಕೋಣೆಗಳು ತಮ್ಮ ರಕ್ತವನ್ನು ಕೆಳಗೆ ಇಳಿಸಿಬಿಡುತ್ತವೆ. ಆಮೇಲೆ ಸಿಗ್ನಲ್ ಎಡಕ್ಕೆ ಬಲಕ್ಕೆ ಕವಲೊಡೆದು, ಪರ್ಕಿಂಜೆ ನಾರುಗಳು ಅನ್ನೋ ವೇಗದ ಜಾಲದ ಮೂಲಕ ಎರಡೂ ಹೃತ್ಕುಕ್ಷಿಗಳಿಗೆ ಹರಡುತ್ತೆ. ಈ ಜಾಲದಲ್ಲಿ ಸಿಗ್ನಲ್ ವೇಗ ಸೆಕೆಂಡಿಗೆ 2ರಿಂದ 4 ಮೀಟರ್. ಸಾಮಾನ್ಯ ಹೃದಯ ಸ್ನಾಯುವಿನ ಒಳಗೆ ಹೋದರೆ ಅದು ಸೆಕೆಂಡಿಗೆ 1 ಮೀಟರ್‌ಗಿಂತಲೂ ಕಡಿಮೆ. ಒಂದು ಹೈವೇ, ಇನ್ನೊಂದು ಗಲ್ಲಿ ಅಂದುಕೊಳ್ಳಿ. ಹೈವೇ ಇರೋದರಿಂದಲೇ ಇಡೀ ಹೃತ್ಕುಕ್ಷಿಗೆ ಸುಮಾರು 100 ಮಿಲಿಸೆಕೆಂಡಿನೊಳಗೆ ಸುದ್ದಿ ಮುಟ್ಟುತ್ತೆ, ಎಲ್ಲ ಗೋಡೆಗಳೂ ಒಟ್ಟಿಗೆ ಹಿಂಡುತ್ತವೆ.

ಈಗ ಎಡಗಡೆಯ ಹೈವೇ ಮುಚ್ಚಿಹೋಯಿತು ಅಂತಿಟ್ಟುಕೊಳ್ಳಿ. ವೈದ್ಯರ ಭಾಷೆಯಲ್ಲಿ ಇದು ಲೆಫ್ಟ್ ಬಂಡಲ್ ಬ್ರಾಂಚ್ ಬ್ಲಾಕ್. ಸಿಗ್ನಲ್ ಬಲಗಡೆಯಿಂದ ಬಂದು, ಎರಡು ಹೃತ್ಕುಕ್ಷಿಗಳ ನಡುಗೋಡೆಯನ್ನು ದಾಟಿ, ಗಲ್ಲಿ ಗಲ್ಲಿ ಸುತ್ತಿಕೊಂಡು ಎಡಗಡೆಯ ಹೊರಗೋಡೆಗೆ ಹೋಗಬೇಕು. ಇಸಿಜಿಯಲ್ಲಿ ಕ್ಯುಆರ್‌ಎಸ್ ಅನ್ನೋ ಚೂಪಾದ ಅಲೆ ಸಾಮಾನ್ಯವಾಗಿ 120 ಮಿಲಿಸೆಕೆಂಡಿಗಿಂತ ಕಿರಿದಾಗಿರುತ್ತೆ. ಇಂಥವರಲ್ಲಿ ಅದು 150 ದಾಟಿ ಅಗಲವಾಗುವುದೂ ಉಂಟು. 50 ಮಿಲಿಸೆಕೆಂಡ್ ತಡ ಆದರೆ ಏನು ಮಹಾ ಅಂತ ಅನ್ನಿಸಬಹುದು. ಆದರೆ ಹೃದಯ ಹಿಂಡುವ ಕೆಲಸವೇ ಸೆಕೆಂಡಿನ ಮೂರನೇ ಒಂದು ಭಾಗದ ಆಸುಪಾಸಿನಲ್ಲಿ ಮುಗಿಯೋದು. ಅದರಲ್ಲಿ ಇಷ್ಟು ತಡ ಅಂದ್ರೆ ಬಹಳ ದೊಡ್ಡ ತಡ.

ಆಗ ಒಳಗೆ ಏನಾಗುತ್ತೆ? ಜಾತ್ರೆಯಲ್ಲಿ ತೇರು ಎಳೆಯೋದನ್ನು ನೆನಪಿಸಿಕೊಳ್ಳಿ. ಎರಡು ಹಗ್ಗ, ಎರಡು ಕಡೆಯೂ ನೂರಾರು ಜನ. ಬಲಗಡೆಯವರು ಮೊದಲು ಜಗ್ಗಿ, ಅವರು ಸುಸ್ತಾಗಿ ಹಗ್ಗ ಸಡಿಲ ಬಿಟ್ಟ ಮೇಲೆ ಎಡಗಡೆಯವರು ಜಗ್ಗಿದರೆ ತೇರು ಮುಂದೆ ಹೋಗಲ್ಲ, ಅತ್ತ ಒಮ್ಮೆ ಇತ್ತ ಒಮ್ಮೆ ವಾಲುತ್ತೆ. ಯಾರ ತೋಳಿನಲ್ಲೂ ಬಲ ಕಡಿಮೆ ಇಲ್ಲ. ಆದರೂ ತೇರು ನಿಂತಲ್ಲೇ ನಿಂತಿದೆ. ಹೃದಯದಲ್ಲೂ ಹೀಗೇ. ನಡುಗೋಡೆ ಮೊದಲು ಕುಗ್ಗುತ್ತೆ, ಆಗ ಇನ್ನೂ ಸುದ್ದಿ ಮುಟ್ಟದ ಹೊರಗೋಡೆ ಬಲೂನಿನ ಹಾಗೆ ಹೊರಕ್ಕೆ ಉಬ್ಬುತ್ತೆ. ಆಮೇಲೆ ಹೊರಗೋಡೆ ಕುಗ್ಗುವಾಗ ನಡುಗೋಡೆ ಹಿಂದಕ್ಕೆ ಸರಿಯುತ್ತೆ. ರಕ್ತ ಮಹಾಪಧಮನಿಗೆ ಹೋಗೋ ಬದಲು ಕೋಣೆಯ ಒಳಗೇ ಆ ಕಡೆ ಈ ಕಡೆ ತೊನೆಯುತ್ತೆ. ಇದರ ಜೊತೆಗೆ ಎಡಗಡೆಯ ಕವಾಟವನ್ನು ಹಿಡಿದಿರುವ ಸ್ನಾಯುಗಳೂ ಹೊತ್ತು ತಪ್ಪಿ ಎಳೆಯೋದರಿಂದ ಸ್ವಲ್ಪ ರಕ್ತ ಹಿಂದಕ್ಕೂ ಸೋರಬಹುದು.

ಇದು ಬರೀ ಹೋಲಿಕೆಯ ಮಾತಲ್ಲ, ಅಳೆದು ನೋಡಿದ ವಿಷಯ. ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್‌ನ ಫ್ರಿಟ್ಸ್ ಪ್ರಿನ್ಜೆನ್ ಮತ್ತು ಜೊತೆಗಾರರು 1999ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ನಾಯಿಗಳ ಹೃದಯಕ್ಕೆ ಪೇಸಿಂಗ್ ಕೊಟ್ಟು, ಎಂಆರ್‌ಐನಲ್ಲಿ ಗೋಡೆಯ ಪ್ರತಿ ಭಾಗ ಎಷ್ಟು ಕೆಲಸ ಮಾಡುತ್ತೆ ಅಂತ ಲೆಕ್ಕ ಹಾಕಿದರು. ಪೇಸಿಂಗ್ ವೈರ್ ಹತ್ತಿರದ ಸ್ನಾಯು ಮಾಡುವ ಕೆಲಸ ಹೆಚ್ಚುಕಡಿಮೆ ಸೊನ್ನೆಗೆ ಇಳಿದಿತ್ತು. ದೂರದ, ತಡವಾಗಿ ಎಚ್ಚರವಾಗುವ ಗೋಡೆ ಸುಮಾರು ಒಂದೂವರೆ ಪಟ್ಟು ಕೆಲಸ ಮಾಡುತ್ತಿತ್ತು. ಗ್ರೂಪ್ ಪ್ರಾಜೆಕ್ಟ್‌ನಲ್ಲಿ ಇಬ್ಬರು ಕೈಕಟ್ಟಿ ಕೂತು ಮಿಕ್ಕಿಬ್ಬರು ರಾತ್ರಿಯೆಲ್ಲ ದುಡಿಯೋದು ನಮಗೆ ಗೊತ್ತಿರೋದೇ. ಹೃದಯ ಹೀಗೆ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಮಾಡಬೇಕಾಗುತ್ತೆ. ವರ್ಷಗಟ್ಟಲೆ ಹೀಗಾದರೆ ಜಾಸ್ತಿ ದುಡಿಯೋ ಗೋಡೆ ದಪ್ಪಗಾಗುತ್ತೆ, ಕೋಣೆ ದೊಡ್ಡದಾಗಿ ಹಿಗ್ಗುತ್ತೆ, ಹಿಗ್ಗಿದ ಕೋಣೆಗೆ ಹಿಂಡೋದು ಇನ್ನೂ ಕಷ್ಟವಾಗುತ್ತೆ.

ಈಗ ಪೇಸ್‌ಮೇಕರ್ ಕಥೆಗೆ ಬರೋಣ. ಇದರಲ್ಲಿ ನಮ್ಮಂಥ ಸರ್ಕ್ಯೂಟ್ ಹುಚ್ಚಿನವರಿಗೆ ಖುಷಿ ಕೊಡೋ ಒಂದು ಘಟನೆ ಇದೆ. 1957ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಕರೆಂಟ್ ಹೋದಾಗ, ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ ಪೇಸ್‌ಮೇಕರ್‌ಗಳನ್ನು ನಂಬಿಕೊಂಡ ರೋಗಿಗಳ ಜೀವಕ್ಕೇ ಅಪಾಯ ಅನ್ನೋದು ಎಲ್ಲರಿಗೂ ಅರ್ಥವಾಯಿತು. ಸರ್ಜನ್ ವಾಲ್ಟನ್ ಲಿಲ್ಲೆಹೈ ಕೇಳಿದ್ದಕ್ಕೆ ಅರ್ಲ್ ಬಾಕನ್ ಅನ್ನೋ ಎಂಜಿನಿಯರ್ ಕೆಲವೇ ವಾರಗಳಲ್ಲಿ ಬ್ಯಾಟರಿಯಿಂದ ನಡೆಯುವ ಪುಟ್ಟ ಪೇಸ್‌ಮೇಕರ್ ಮಾಡಿಕೊಟ್ಟರು. ಅದಕ್ಕೆ ಅವರು ಬಳಸಿದ್ದು ಪಾಪ್ಯುಲರ್ ಎಲೆಕ್ಟ್ರಾನಿಕ್ಸ್ ಅನ್ನೋ ಪತ್ರಿಕೆಯಲ್ಲಿ ಬಂದಿದ್ದ ಮೆಟ್ರೊನೋಮ್ ಸರ್ಕ್ಯೂಟ್. ಅಂದ್ರೆ ಸಂಗೀತ ಕಲಿಯುವವರಿಗೆ ತಾಳ ಕೊಡೋ ಯಂತ್ರದ ಸರ್ಕ್ಯೂಟ್! ಮುಂದಿನ ವರ್ಷ, 1958ರಲ್ಲಿ, ಸ್ವೀಡನ್‌ನಲ್ಲಿ ರೂನೆ ಎಲ್ಮ್‌ಕ್ವಿಸ್ಟ್ ತಯಾರಿಸಿದ ಪೇಸ್‌ಮೇಕರನ್ನು ಸರ್ಜನ್ ಓಕೆ ಸೆನ್ನಿಂಗ್ ಮೊದಲ ಬಾರಿಗೆ ಮನುಷ್ಯನ ಮೈಯೊಳಗೇ ಇಟ್ಟರು. ಆ ರೋಗಿ ಆರ್ನೆ ಲಾರ್ಸನ್ 2001ರವರೆಗೂ ಬದುಕಿದ್ದರು. ಪೇಸ್‌ಮೇಕರ್ ಇಟ್ಟ ಇಬ್ಬರನ್ನೂ, ಆಪರೇಷನ್ ಮಾಡಿದ ಸರ್ಜನ್ನನ್ನೂ ಯಂತ್ರ ಮಾಡಿದ ಎಂಜಿನಿಯರನ್ನೂ, ರೋಗಿಯೇ ದಾಟಿ ಬದುಕಿದ!

ಆದರೆ ಆ ಕಾಲದ ಪ್ರಶ್ನೆ ಒಂದೇ ಆಗಿತ್ತು: ಬಡಿತ ನಿಲ್ಲದ ಹಾಗೆ ನೋಡಿಕೊಳ್ಳೋದು ಹೇಗೆ? ವೈರ್ ಇಡೋಕೆ ಸುಲಭವಾದ ಜಾಗ ಬಲ ಹೃತ್ಕುಕ್ಷಿಯ ತುದಿ, ಹಾಗಾಗಿ ಬಹುತೇಕ ಎಲ್ಲರಿಗೂ ಅಲ್ಲೇ ಇಟ್ಟರು. ಹೀಗೆ ಹೊರಗಿನಿಂದ ಹೊಡೆದ ಬಡಿತ ಸಹಜ ಬಡಿತದಷ್ಟು ಚೆನ್ನಾಗಿ ಹಿಂಡುವುದಿಲ್ಲ ಅಂತ ಕಾರ್ಲ್ ವಿಗರ್ಸ್ ಅನ್ನೋ ವಿಜ್ಞಾನಿ 1925ರಲ್ಲೇ ಪ್ರಾಣಿಗಳ ಮೇಲಿನ ಪ್ರಯೋಗದಲ್ಲಿ ತೋರಿಸಿದ್ದರು. ಬಲಗಡೆಯ ತುದಿಯಿಂದ ಹೊರಟ ಸಿಗ್ನಲ್ ಹೈವೇ ಬಿಟ್ಟು ಗಲ್ಲಿ ಹಿಡಿಯುತ್ತೆ, ಅಷ್ಟೇ. ಅಂದ್ರೆ ಎಡಗಡೆಯ ಬ್ಲಾಕನ್ನು ನಾವೇ ಕೈಯಾರೆ ಹುಟ್ಟಿಸಿದ ಹಾಗೆ.

ಇದರ ಬೆಲೆ ಎಷ್ಟು ಅಂತ ದೊಡ್ಡ ಮಟ್ಟದಲ್ಲಿ ಗೊತ್ತಾಗಿದ್ದು 2002ರಲ್ಲಿ. ಡೇವಿಡ್ ಅನ್ನೋ ಹೆಸರಿನ ಅಧ್ಯಯನದಲ್ಲಿ 506 ಜನರಿದ್ದರು. ಎಲ್ಲರಿಗೂ ಹೃದಯ ದುರ್ಬಲವಾಗಿತ್ತು, ಎಲ್ಲರ ಎದೆಯಲ್ಲೂ ಡಿಫಿಬ್ರಿಲೇಟರ್ ಇತ್ತು, ಆದರೆ ಯಾರಿಗೂ ನಿಜವಾಗಿ ಪೇಸಿಂಗ್ ಅಗತ್ಯ ಇರಲಿಲ್ಲ. ಅರ್ಧ ಜನರಲ್ಲಿ ಯಂತ್ರ ಬಡಿತ 40ಕ್ಕಿಂತ ಇಳಿದರೆ ಮಾತ್ರ ಹೊಡೆಯುತ್ತಿತ್ತು. ಇನ್ನರ್ಧ ಜನರಿಗೆ ನಿಮಿಷಕ್ಕೆ 70ರಂತೆ ಎರಡೂ ಕೋಣೆಗಳಿಗೆ ಪೇಸಿಂಗ್. ಹೆಚ್ಚು ಸಹಾಯ ಸಿಕ್ಕವರೇ ಚೆನ್ನಾಗಿರಬೇಕು ಅಂತ ಎಲ್ಲರ ಊಹೆ. ಆಗಿದ್ದು ಉಲ್ಟಾ. ಒಂದು ವರ್ಷದ ಹೊತ್ತಿಗೆ ಸಾವಾಗಲಿ, ಹೃದಯ ವೈಫಲ್ಯಕ್ಕೆ ಆಸ್ಪತ್ರೆ ಸೇರೋದಾಗಲಿ ಇಲ್ಲದೆ ಉಳಿದವರು ಮೊದಲ ಗುಂಪಿನಲ್ಲಿ ಸುಮಾರು 84 ಪ್ರತಿಶತ, ಎರಡನೇ ಗುಂಪಿನಲ್ಲಿ 73. ಕೇಳದೇ ಕೊಟ್ಟ ಸಹಾಯವೇ ಹೃದಯಕ್ಕೆ ಭಾರವಾಯಿತು.

ಇಷ್ಟು ಓದಿ ಪೇಸ್‌ಮೇಕರ್ ಅಂದ್ರೇ ಕೆಟ್ಟದ್ದು ಅಂತ ತೀರ್ಮಾನ ಮಾಡಬೇಡಿ. ಬಡಿತವೇ ನಿಲ್ಲುವ ಬ್ಲಾಕ್ ಇರುವವರಿಗೆ ಅದು ಪ್ರಾಣ. ಕಥೆಯ ಇನ್ನೊಂದು ಅರ್ಧ ಇಲ್ಲೇ ಶುರುವಾಗೋದು. ತಪ್ಪು ಹೊತ್ತಿಗೆ ಹೊಡೆದರೆ ಹೃದಯ ಕೆಡುತ್ತೆ ಅನ್ನೋದಾದರೆ, ಸರಿಯಾದ ಹೊತ್ತಿಗೆ ಹೊಡೆದರೆ ಕೆಟ್ಟ ಹೃದಯ ಸುಧಾರಿಸಬೇಕಲ್ಲ? 1990ರ ದಶಕದಲ್ಲಿ ಫ್ರಾನ್ಸ್‌ನ ಸೆರ್ಜ್ ಕಜೋ ಮತ್ತು ಜೊತೆಗಾರರು, ನೆದರ್ಲೆಂಡ್ಸ್‌ನಲ್ಲಿ ಪೆಟ್ರಿಷಿಯಾ ಬಾಕರ್, ಈ ಯೋಚನೆಯನ್ನು ರೋಗಿಗಳಲ್ಲಿ ಪ್ರಯತ್ನಿಸಿದರು. ಇವತ್ತು ಇದನ್ನು ಸಿಆರ್‌ಟಿ ಅಂತಾರೆ, ಅಂದ್ರೆ ಹೃದಯವನ್ನು ಮತ್ತೆ ತಾಳಕ್ಕೆ ಕೂಡಿಸುವ ಚಿಕಿತ್ಸೆ. ಸಾಮಾನ್ಯವಾಗಿ ಮೂರು ವೈರುಗಳಿರುತ್ತವೆ. ಒಂದು ಬಲ ಹೃತ್ಕರ್ಣದಲ್ಲಿ, ಒಂದು ಬಲ ಹೃತ್ಕುಕ್ಷಿಯಲ್ಲಿ, ಮೂರನೆಯದು ಹೃದಯದ ರಕ್ತನಾಳದೊಳಗೆ ತೂರಿ ಎಡಗಡೆಯ ಹೊರಗೋಡೆಯ ಮೇಲೆ. ನಡುಗೋಡೆ ಮತ್ತು ಹೊರಗೋಡೆ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಸುದ್ದಿ ಹೋಗುತ್ತೆ. ತೇರಿನ ಎರಡೂ ಹಗ್ಗ ಒಟ್ಟಿಗೆ ಬಿಗಿಯಾಗುತ್ತವೆ.

ಫಲಿತಾಂಶ? ಯುರೋಪಿನಲ್ಲಿ ನಡೆದು 2005ರಲ್ಲಿ ಪ್ರಕಟವಾದ ಕೇರ್‌ಎಚ್‌ಎಫ್ ಅಧ್ಯಯನದಲ್ಲಿ 813 ರೋಗಿಗಳಿದ್ದರು. ಸರಾಸರಿ ಎರಡೂವರೆ ವರ್ಷದ ಹತ್ತಿರ ಗಮನಿಸಿದಾಗ, ಬರೀ ಔಷಧಿಯಲ್ಲಿದ್ದವರಲ್ಲಿ 30 ಪ್ರತಿಶತ ಜನ ತೀರಿಕೊಂಡಿದ್ದರು. ಔಷಧಿಯ ಜೊತೆ ಸಿಆರ್‌ಟಿ ಇದ್ದವರಲ್ಲಿ 20. ಹಿಗ್ಗಿದ ಕೋಣೆಗಳು ತಿಂಗಳುಗಳು ಕಳೆದ ಹಾಗೆ ಚಿಕ್ಕದಾದವು, ಕವಾಟದ ಸೋರಿಕೆ ಕಡಿಮೆಯಾಯಿತು. ಸಿಆರ್‌ಟಿಯಲ್ಲಿ ಹೆಚ್ಚುಕಡಿಮೆ ಎಲ್ಲ ಬಡಿತವೂ, 98 ಪ್ರತಿಶತಕ್ಕೂ ಮೇಲೆ, ಯಂತ್ರದಿಂದಲೇ ಆಗಬೇಕು ಅಂತ ಡಾಕ್ಟರುಗಳು ಬಯಸುತ್ತಾರೆ. ಬಲಗಡೆಗೆ ಮಾತ್ರ ಹೊಡೆಯುವ ಪೇಸ್‌ಮೇಕರ್‌ನಲ್ಲಿ ಆದಷ್ಟೂ ಕಡಿಮೆ ಹೊಡೆಯಲಿ ಅಂತ ಬಯಸುತ್ತಾರೆ. ಅದೇ ಬ್ಯಾಟರಿ, ಅದೇ ಕರೆಂಟು. ಜಾಗ ಮತ್ತು ಹೊತ್ತು ಬದಲಾದರೆ ವಿಷ ಔಷಧಿಯಾಗುತ್ತೆ.

ನಮಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಇನ್ನೊಂದು ಪ್ರಯೋಗ. 2000ದಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ಡೇವಿಡ್ ಕಾಸ್ ಅವರ ತಂಡ ಇಂಥ ರೋಗಿಗಳಲ್ಲಿ ಎರಡು ದಾರಿಗಳನ್ನು ಹೋಲಿಸಿತು. ಒಂದು, ಡೊಬ್ಯುಟಮಿನ್ ಅನ್ನೋ ಔಷಧಿ ಕೊಟ್ಟು ಸ್ನಾಯುವನ್ನು ಜೋರಾಗಿ ಹಿಂಡಿಸೋದು. ಇನ್ನೊಂದು, ಪೇಸಿಂಗ್‌ನಿಂದ ಗೋಡೆಗಳನ್ನು ಹೊಂದಿಸೋದು. ಎರಡರಲ್ಲೂ ಹೃದಯ ಒತ್ತಡ ಎಬ್ಬಿಸುವ ವೇಗ ಏರಿತು. ಆದರೆ ಔಷಧಿ ಕೊಟ್ಟಾಗ ಹೃದಯ ಬಳಸುವ ಆಮ್ಲಜನಕವೂ ಸುಮಾರು ಐದನೇ ಒಂದು ಭಾಗದಷ್ಟು ಏರಿತು. ಪೇಸಿಂಗ್‌ನಲ್ಲಿ ಅದು ಸ್ವಲ್ಪ ಇಳಿಯಿತು! ಮೈಲೇಜ್ ಭಾಷೆಯಲ್ಲಿ ಹೇಳೋದಾದರೆ, ಒಂದರಲ್ಲಿ ಆಕ್ಸಿಲರೇಟರ್ ತುಳಿದು ಸ್ಪೀಡ್ ತಗೊಂಡೆವು, ಇನ್ನೊಂದರಲ್ಲಿ ಟೈಮಿಂಗ್ ಸರಿ ಮಾಡಿಸಿ ಸ್ಪೀಡ್ ತಗೊಂಡೆವು. ಬಲ ತುಂಬುವ ದಾರಿಯ ಇನ್ನೊಂದು ಪಾಠ 1991ರಲ್ಲೇ ಸಿಕ್ಕಿತ್ತು. ಹೃದಯವನ್ನು ಜೋರಾಗಿ ಹಿಂಡಿಸುವ ಮಿಲ್ರಿನೋನ್ ಮಾತ್ರೆಯನ್ನು ದೀರ್ಘಕಾಲ ಕೊಟ್ಟ ಪ್ರಾಮಿಸ್ ಅಧ್ಯಯನದಲ್ಲಿ ಸಾವು 28 ಪ್ರತಿಶತ ಹೆಚ್ಚಾಗಿತ್ತು. ತುರ್ತು ಸಂದರ್ಭದಲ್ಲಿ ಇಂಥ ಔಷಧಿಗಳು ಇವತ್ತಿಗೂ ಬೇಕು, ಅದು ಬೇರೆ ಮಾತು. ಆದರೆ ಸುಸ್ತಾದ ಎತ್ತಿಗೆ ಚಾಟಿ ಹೊಡೆದು ಎಷ್ಟು ದೂರ ಹೋಗೋಕಾಗುತ್ತೆ?

ಹಾಗಾದ್ರೆ ಎಲ್ಲರಿಗೂ ಸಿಆರ್‌ಟಿ ಹಾಕಿಬಿಡಬಹುದಾ? ಇಲ್ಲ, ಮತ್ತು ಇಲ್ಲಿ ನಮ್ಮ ಎಂಜಿನಿಯರ್ ಜಂಬಕ್ಕೂ ಒಂದು ಪೆಟ್ಟು ಇದೆ. ಸಿಆರ್‌ಟಿ ಹಾಕಿಸಿಕೊಂಡವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಅಂದುಕೊಂಡಷ್ಟು ಪ್ರಯೋಜನ ಆಗೋದಿಲ್ಲ. ತೊಂದರೆ ಗೋಡೆಯ ಚಲನೆಯಲ್ಲಿದ್ದರೆ, ಎಕೋದಲ್ಲಿ ಆ ಚಲನೆಯನ್ನೇ ಅಳೆದು ರೋಗಿಗಳನ್ನು ಆರಿಸಬಹುದಲ್ಲ ಅನ್ನೋದು ಯಾರಿಗಾದರೂ ಹೊಳೆಯುವ ಉಪಾಯ. 2008ರ ಪ್ರಾಸ್ಪೆಕ್ಟ್ ಅಧ್ಯಯನ ಹೀಗೆ ಹಲವಾರು ಎಕೋ ಅಳತೆಗಳನ್ನು ಪರೀಕ್ಷೆ ಮಾಡಿತು. ಒಂದೂ ನಂಬಿಕೆಗೆ ಸಾಲಲಿಲ್ಲ. 2013ರ ಎಕೋಸಿಆರ್‌ಟಿ ಅಧ್ಯಯನದಲ್ಲಿ ಇಸಿಜಿ ಅಲೆ ಅಗಲವಾಗಿಲ್ಲದ, ಆದರೆ ಎಕೋದಲ್ಲಿ ಗೋಡೆಗಳು ಹೊಂದಿಕೊಳ್ಳದೆ ಕಾಣುವ 809 ಜನರನ್ನು ಆರಿಸಿದರು. ಪ್ರಯೋಜನ ಕಾಣುವ ಸಾಧ್ಯತೆ ಇಲ್ಲ ಅಂತ ಅಧ್ಯಯನವನ್ನೇ ಮಧ್ಯದಲ್ಲಿ ನಿಲ್ಲಿಸಬೇಕಾಯಿತು, ಯಂತ್ರ ಆನ್ ಮಾಡಿದ ಗುಂಪಿನಲ್ಲಿ ಸಾವೂ ಹೆಚ್ಚಾಗಿತ್ತು.

ಯಾಕೆ ಹೀಗೆ? ನಾವು ಅರ್ಥ ಮಾಡಿಕೊಂಡಿರೋದು ಇಷ್ಟು. ಒಂದು ಗೋಡೆ ತಡವಾಗಿ ಕುಗ್ಗೋದಕ್ಕೆ ಎರಡು ಕಾರಣ ಇರಬಹುದು. ಸುದ್ದಿ ತಡವಾಗಿ ಬಂದಿರಬಹುದು, ಅಥವಾ ಸುದ್ದಿ ಸರಿಯಾಗಿ ಬಂದರೂ ಆ ಗೋಡೆಯೇ ಹಿಂದಿನ ಹಾರ್ಟ್ ಅಟ್ಯಾಕ್‌ನಿಂದ ಗಾಯದ ಕಲೆಯಾಗಿ ಸೆಡೆದಿರಬಹುದು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಪೇಸಿಂಗ್ ಸರಿಮಾಡೋದು ಮೊದಲನೆಯದನ್ನು ಮಾತ್ರ. ಹಗ್ಗದ ಹತ್ತಿರ ಜನವೇ ಇಲ್ಲದಿದ್ದರೆ ಎಷ್ಟು ಜೋರಾಗಿ ಕೂಗಿದರೆ ಏನು ಬಂತು? ಅದಕ್ಕೇ ಇವತ್ತಿನ ವೈದ್ಯಕೀಯ ಮಾರ್ಗಸೂಚಿಗಳು ಎಡ ಬಂಡಲ್ ಬ್ಲಾಕ್ ಇದ್ದು, ಇಸಿಜಿ ಅಲೆ 150 ಮಿಲಿಸೆಕೆಂಡ್ ಅಥವಾ ಮೇಲಿದ್ದು, ಪ್ರತಿ ಬಡಿತಕ್ಕೆ ಹೊರಹೋಗುವ ರಕ್ತದ ಪಾಲು 35 ಪ್ರತಿಶತ ಅಥವಾ ಕೆಳಗಿರುವವರಿಗೆ ಸಿಆರ್‌ಟಿಯನ್ನು ಅತಿ ಬಲವಾಗಿ ಹೇಳುತ್ತವೆ. ವಿದ್ಯುತ್ ಮತ್ತು ಯಂತ್ರಶಾಸ್ತ್ರ, ಎರಡನ್ನೂ ಒಟ್ಟಿಗೆ ನೋಡಬೇಕು. ಒಂದನ್ನು ಬಿಟ್ಟರೆ ರೋಗಿಗೆ ಏಟು. ನಮ್ಮ ಕಾಲೇಜುಗಳಲ್ಲಿ ಇಸಿಯವರು ಒಂದು ಬ್ಲಾಕ್, ಮೆಕ್ಯಾನಿಕಲ್‌ನವರು ಇನ್ನೊಂದು ಬ್ಲಾಕ್. ಹೃದಯದಲ್ಲಿ ಆ ಗೋಡೆ ಇಲ್ಲ.

ಇನ್ನು ದುಡ್ಡಿನ ಮಾತು. ಮೂರು ವೈರಿನ ಸಿಆರ್‌ಟಿ ಯಂತ್ರ ಸಾಮಾನ್ಯ ಪೇಸ್‌ಮೇಕರ್‌ಗಿಂತ ತುಂಬಾ ದುಬಾರಿ. ತಿರುವನಂತಪುರದಲ್ಲಿ 1205 ಹೃದಯ ವೈಫಲ್ಯ ರೋಗಿಗಳನ್ನು ಗಮನಿಸಿದ ದಾಖಲೆಯಲ್ಲಿ ಸರಾಸರಿ ವಯಸ್ಸು 61ರ ಹತ್ತಿರ ಇತ್ತು, ಒಂದು ವರ್ಷದೊಳಗೆ ಹತ್ತಿರ ಹತ್ತಿರ ಮೂರರಲ್ಲಿ ಒಬ್ಬರು ತೀರಿಕೊಂಡಿದ್ದರು. ಅಂದ್ರೆ ನಮ್ಮ ಅಪ್ಪ, ದೊಡ್ಡಪ್ಪ, ಸೋದರಮಾವಂದಿರ ವಯಸ್ಸು. ಹಾಗಾಗಿ ಕಡಿಮೆ ಖರ್ಚಿನಲ್ಲಿ ತಾಳ ಕೂಡಿಸುವ ದಾರಿ ಇದ್ದರೆ ಅದು ನಮಗೇ ಮೊದಲು ಬೇಕು. ಅಂಥ ದಾರಿ ಒಂದು ತೆರೆಯುತ್ತಿದೆ. 2017ರಲ್ಲಿ ಚೀನಾದ ವೆನ್‌ಝೌನ ಹುವಾಂಗ್ ವೇಜಿಯಾನ್ ತಂಡ, ವೈರನ್ನು ನಡುಗೋಡೆಯೊಳಗೆ ಆಳವಾಗಿ ತಿರುಗಿಸಿ ಇಳಿಸಿ, ಬ್ಲಾಕ್ ಇರುವ ಜಾಗ ದಾಟಿದ ಮೇಲೆ ಎಡಗಡೆಯ ಹೈವೇಯನ್ನೇ ಹಿಡಿಯುವ ವಿಧಾನ ವರದಿ ಮಾಡಿತು. ಗಲ್ಲಿಗಳಲ್ಲಿ ಎರಡು ಕಡೆಯಿಂದ ಗಾಡಿ ಬಿಡೋ ಬದಲು ಹೈವೇಗೇ ಮತ್ತೆ ಹತ್ತಿಸಿದ ಹಾಗೆ. ಹೆಚ್ಚಿನವರಲ್ಲಿ ಇದಕ್ಕೆ ಸಾಮಾನ್ಯ ಪೇಸ್‌ಮೇಕರ್ ಮತ್ತು ಸಾಮಾನ್ಯ ವೈರೇ ಸಾಕಾಗಬಹುದು. ಭಾರತದಲ್ಲೂ, ಮಧುರೈಯಂಥ ಊರಿನಿಂದಲೂ, ಡಾಕ್ಟರುಗಳು ಈ ಬಗ್ಗೆ ತಮ್ಮ ಅನುಭವ ಪ್ರಕಟಿಸಿದ್ದಾರೆ. 2022ರಲ್ಲಿ ಬಂದ 40 ಜನರ ಒಂದು ಪುಟ್ಟ ಅಧ್ಯಯನದಲ್ಲಿ ಈ ವಿಧಾನ ಹೃದಯದ ಪಂಪಿಂಗನ್ನು ಮಾಮೂಲಿ ಸಿಆರ್‌ಟಿಗಿಂತ ಹೆಚ್ಚು ಸುಧಾರಿಸಿತು. 40 ಜನ ತುಂಬಾ ಕಡಿಮೆ, ಕುಣಿದಾಡೋ ಹೊತ್ತಲ್ಲ. ಆದರೆ ದೊಡ್ಡ ಅಧ್ಯಯನಗಳನ್ನು ಯಾರೋ ಮಾಡಲಿ ಅಂತ ಕಾಯದೆ, ಹೆಚ್ಚು ಲಾಭ ಇರುವ ನಮ್ಮ ದೇಶವೇ ಮುಂದೆ ನಿಂತು ಮಾಡಬೇಕು ಅಂತ ನಾವು ಗಟ್ಟಿಯಾಗಿ ಹೇಳ್ತೀವಿ.

"ಹತ್ತೊಂಬತ್ತು ವರ್ಷದ ಹುಡುಗರಿಗೆ ಇದೆಲ್ಲ ಯಾಕ್ರಪ್ಪಾ? ಎಂಬಿಬಿಎಸ್ ಮಾಡಿದವರು ನೋಡ್ಕೋತಾರೆ" ಅಂತ ನೀವು ಕೇಳಬಹುದು. ಚಿಕಿತ್ಸೆ ಹೇಳೋದು ಖಂಡಿತ ಅವರ ಕೆಲಸ. ನಾವು ಯಾರಿಗೂ ಔಷಧಿ ಹೇಳ್ತಿಲ್ಲ. ಆದರೆ ಮೇಲಿನ ಪದಗಳನ್ನು ಒಮ್ಮೆ ನೋಡಿ: ಒತ್ತಡ, ವೇಗ, ವಿಳಂಬ, ಕೆಲಸ, ದಕ್ಷತೆ, ಸಿಗ್ನಲ್. ಎಲ್ಲವೂ ನಮ್ಮ ಸಿಲಬಸ್‌ನಲ್ಲೇ ಇವೆ. ಬಾಕನ್ ಮತ್ತು ಎಲ್ಮ್‌ಕ್ವಿಸ್ಟ್ ಇಲ್ಲದಿದ್ದರೆ ಸರ್ಜನ್‌ಗಳ ಕೈಯಲ್ಲಿ ಯಂತ್ರವೇ ಇರುತ್ತಿರಲಿಲ್ಲ. ಇವತ್ತು ಉಳಿದಿರುವ ಪ್ರಶ್ನೆಗಳೂ ಅಂಥವೇ. ಯಾವ ಗೋಡೆಗೆ ಸುದ್ದಿ ತಡವಾಗಿದೆ, ಯಾವ ಗೋಡೆ ಸತ್ತಿದೆ ಅಂತ ಆಪರೇಷನ್‌ಗೆ ಮೊದಲೇ ಹೇಳುವ ಕಂಪ್ಯೂಟರ್ ಮಾಡೆಲ್ ಬೇಕು. ರೋಗಿ ಮೆಟ್ಟಿಲು ಹತ್ತುವಾಗ, ಮಲಗಿದಾಗ ವಿಳಂಬವನ್ನು ತಾನೇ ತಿದ್ದಿಕೊಳ್ಳುವ, ಅಗ್ಗದ ಯಂತ್ರ ಬೇಕು. ಕಾಲೇಜಿನಲ್ಲಿ ಲೈನ್ ಫಾಲೋವರ್ ರೋಬೋಟನ್ನೇ ವರ್ಷ ವರ್ಷ ಮಾಡೋ ಬದಲು ಮೆಕ್ಯಾನಿಕಲ್, ಇಸಿ, ಸಿಎಸ್ ಮೂವರೂ ಕೂತು, ಹತ್ತಿರದ ಆಸ್ಪತ್ರೆಯ ಡಾಕ್ಟರೊಬ್ಬರನ್ನು ಕೇಳಿ, ಇಂಥದ್ದೊಂದು ಪ್ರಾಜೆಕ್ಟ್ ಯಾಕೆ ಮಾಡಬಾರದು?

ಇನ್ನೊಂದು ಕೆಲಸ ಇವತ್ತೇ ಮಾಡಬಹುದು. ಮನೆಯಲ್ಲಿ ಯಾರಿಗಾದರೂ ಹೃದಯ ವೈಫಲ್ಯ ಇದ್ದು ಪೇಸ್‌ಮೇಕರ್ ಮಾತು ಬಂದರೆ, ಡಾಕ್ಟರನ್ನು ಮರ್ಯಾದೆಯಿಂದ, ಕನ್ನಡದಲ್ಲೇ ಕೇಳಿ: "ಸರ್, ಇಸಿಜಿಯಲ್ಲಿ ಬಂಡಲ್ ಬ್ಲಾಕ್ ಇದೆಯಾ? ಅಲೆ ಎಷ್ಟು ಅಗಲ ಇದೆ? ವೈರ್ ಎಲ್ಲಿ ಇಡ್ತೀರಿ? ದಿನದಲ್ಲಿ ಎಷ್ಟು ಪ್ರತಿಶತ ಪೇಸಿಂಗ್ ಆಗ್ತಿದೆ?" ಕೊನೆಯ ಪ್ರಶ್ನೆಗೆ ಯಂತ್ರವೇ ಲೆಕ್ಕ ಇಟ್ಟಿರುತ್ತೆ, ಚೆಕಪ್‌ನಲ್ಲಿ ತೆಗೆದು ಹೇಳ್ತಾರೆ. ಪಕ್ಕದಲ್ಲಿ ಕೂತಿರೋ ಅಜ್ಜಿಗೂ ಅರ್ಥವಾಗೋ ಹಾಗೆ ಉತ್ತರ ಬರಲಿ. "ಅಜ್ಜಿ, ತಾತನ ಹೃದಯಕ್ಕೆ ಬಲ ಪೂರ್ತಿ ಹೋಗಿಲ್ಲ, ತಾಳ ತಪ್ಪಿದೆ, ಅದನ್ನ ಕೂಡಿಸ್ತಿದ್ದಾರೆ" ಅಂತ ನಾವು ಹೇಳೋ ಹಾಗಾದರೆ, ಓದಿದ್ದಕ್ಕೂ ಒಂದು ಅರ್ಥ ಬಂದ ಹಾಗೆ.